ಎದೆಯಲ್ಲಿ ಒಂದು ಗಳಿಗೆ ಚಳುಕು: ಯಾವುದನ್ನು ಬಿಡಬಹುದು, ಯಾವುದಕ್ಕೆ ಓಡಬೇಕು

2025ರ ಜುಲೈನಲ್ಲಿ ಹಾಸನ ಜಿಲ್ಲೆಯ ಹೃದಯಾಘಾತದ ಸುದ್ದಿಗಳು ಟಿವಿಯಲ್ಲಿ ದಿನವಿಡೀ ಓಡುತ್ತಿದ್ದಾಗ ಮೈಸೂರಿನ ಜಯದೇವ ಆಸ್ಪತ್ರೆಯ ಮುಂದೆ ಬೆಳಗಿನ ಜಾವದಿಂದಲೇ ಸರದಿ ನಿಂತಿತ್ತು. ಹೀಗೆ ಹೆದರಿ ಬರುವವರಲ್ಲಿ ಬಹಳ ಮಂದಿಯ ಮಾತು ಒಂದೇ: ಆಗಾಗ ಎದೆ ಚುಳುಕ್ ಅನ್ನುತ್ತೆ, ಸೂಜಿ ಚುಚ್ಚಿದ ಹಾಗೆ. ಇತ್ತ ಮಂಡ್ಯದ ಕಡೆಯ ಯಾವುದೋ ಹಳ್ಳಿಯಲ್ಲಿ, ಎದೆ ಮೇಲೆ ಕಲ್ಲು ಹೇರಿದಂತಾಗಿ ಅಂಗಿ ಒದ್ದೆಯಾಗುವಷ್ಟು ಬೆವರುತ್ತಿರುವ ಐವತ್ತೈದರ ಯಜಮಾನ ಜಗಲಿಯ ಮೇಲೆ ಕೂತು, "ಗ್ಯಾಸ್ಟ್ರಿಕ್ಕು ಕಣವ್ವ, ಒಂದು ಸೋಡ ಕುಡುದ್ರೆ ಸರೋಯ್ತದೆ" ಅನ್ನುತ್ತಿರುತ್ತಾನೆ. ಓಡಬೇಕಾದವನು ಕೂತಿದ್ದಾನೆ, ಕೂತಿರಬಹುದಾದವನು ಓಡಿದ್ದಾನೆ. ಎದೆಯ ವಿಷಯದಲ್ಲಿ ನಮ್ಮ ಜನ ಎಡವುವುದು ಹೆಚ್ಚಾಗಿ ಇಲ್ಲೇ. ನೋವು ಎಷ್ಟು ಜೋರಾಗಿದೆ ಎನ್ನುವುದನ್ನು ಅಳೆಯುತ್ತೇವೆ. ಅಳೆಯಬೇಕಾದದ್ದು ಎಷ್ಟು ಹೊತ್ತು ಇತ್ತು, ಆಗ ಏನು ಮಾಡುತ್ತಿದ್ದೆವು, ಜೊತೆಗೆ ಇನ್ನೇನು ಬಂತು ಎಂಬುದನ್ನು.

ಈಗಲೇ ನೋವಿದ್ದರೆ ಇಷ್ಟನ್ನು ಮಾತ್ರ ಓದಿ

ಎದೆಯ ನಡುವೆ ಹಿಂಡಿದಂತೆ, ಬಿಗಿದಂತೆ, ಭಾರ ಹೇರಿದಂತೆ ಇದ್ದು ಐದು ನಿಮಿಷ ಸುಮ್ಮನೆ ಕೂತರೂ ಇಳಿಯದಿದ್ದರೆ 108ಕ್ಕೆ ಕರೆ ಮಾಡಿ. ಜೊತೆಗೆ ತಣ್ಣನೆ ಬೆವರು, ಉಸಿರಾಟಕ್ಕೆ ಕಷ್ಟ, ವಾಂತಿ ಬಂದಂತಾಗುವುದು, ತಲೆಸುತ್ತು ಇದ್ದರೆ, ಅಥವಾ ನೋವು ತೋಳಿಗೆ, ಭುಜಕ್ಕೆ, ದವಡೆಗೆ, ಬೆನ್ನಿಗೆ ಹರಿಯುತ್ತಿದ್ದರೆ ಆ ಐದು ನಿಮಿಷವನ್ನೂ ಕಾಯಬೇಡಿ.

ರೋಗಿಯನ್ನು ಗೋಡೆಗೆ ಒರಗಿಸಿ, ಮಂಡಿ ಮಡಚಿಸಿ ಕೂರಿಸಿ. ಮಹಡಿ ಮೇಲಿದ್ದರೆ ನಡೆಸಿಕೊಂಡು ಇಳಿಸಬೇಡಿ, ಕುರ್ಚಿಯಲ್ಲಿ ಕೂರಿಸಿ ಇಬ್ಬರು ಹೊತ್ತು ತನ್ನಿ. ಬಾಗಿಲು ತೆರೆದಿಡಿ, ಒಬ್ಬರು ಬೀದಿ ತುದಿಯಲ್ಲಿ ನಿಂತು ಆಂಬುಲೆನ್ಸ್‌ಗೆ ದಾರಿ ತೋರಿಸಲಿ. ನೋವು ಶುರುವಾದ ಗಂಟೆ ನಿಮಿಷವನ್ನು ಬರೆದಿಟ್ಟುಕೊಳ್ಳಿ. ಆಸ್ಪತ್ರೆಯಲ್ಲಿ ಮೊದಲು ಕೇಳುವುದೇ ಅದು, ಚಿಕಿತ್ಸೆ ನಿರ್ಧಾರವಾಗುವುದೂ ಅದರ ಮೇಲೆಯೇ.

ಆಸ್ಪಿರಿನ್ ಮೈಗೆ ಒಗ್ಗದ ತೊಂದರೆ ಇಲ್ಲದಿದ್ದರೆ, ಹೊಟ್ಟೆಯ ಹುಣ್ಣಿನಿಂದ ರಕ್ತ ಹೋಗಿದ್ದ ಚರಿತ್ರೆ ಇಲ್ಲದಿದ್ದರೆ, ಸುಮಾರು 300 ಮಿಲಿಗ್ರಾಂ ಆಸ್ಪಿರಿನ್ ಅನ್ನು ಅಗಿದು ನುಂಗಿಸಬಹುದು. ಇಕೋಸ್ಪ್ರಿನ್ 75 ಆದರೆ ನಾಲ್ಕು, 150 ಆದರೆ ಎರಡು. ಅಗಿಯುವುದು ಮುಖ್ಯ, ಏಕೆಂದರೆ ಆ ಮಾತ್ರೆಯ ಹೊರಪದರ ಹೊಟ್ಟೆಯಲ್ಲಿ ತಡವಾಗಿ ಕರಗಲೆಂದೇ ಮಾಡಿರುವುದು. ಹೆಸರಿನ ಮುಂದೆ ಎವಿ, ಗೋಲ್ಡ್ ಎಂದಿದ್ದರೆ ಅದರಲ್ಲಿ ಬೇರೆ ಔಷಧಿಯೂ ಬೆರೆತಿರುತ್ತದೆ, ಅದನ್ನು ಈ ಲೆಕ್ಕಕ್ಕೆ ತರಬೇಡಿ. ಬೆನ್ನಿನ ಕಡೆ ಸೀಳಿದಂಥ ಭಯಂಕರ ನೋವು ಒಮ್ಮೆಲೇ ಬಂದಿದ್ದರೆ, ಅಥವಾ ಮಾತು ತೊದಲಿ ಕೈಕಾಲು ಸೋತಿದ್ದರೆ ಆಸ್ಪಿರಿನ್ ಕೊಡಬೇಡಿ. ಮೊದಲನೆಯದು ಮಹಾಪಧಮನಿಯ ಗೋಡೆ ಸೀಳಿರುವ ಸೂಚನೆ, ಎರಡನೆಯದು ಪಾರ್ಶ್ವವಾಯುವಿನದು. ಎರಡರಲ್ಲೂ ರಕ್ತ ತೆಳುವಾದರೆ ಅಪಾಯ.

ನಾಲಿಗೆ ಕೆಳಗಿಡುವ ಸಾರ್ಬಿಟ್ರೇಟ್ ಇದೆಯಲ್ಲ, ಅದು ವೈದ್ಯರು ಆ ರೋಗಿಗೇ ಬರೆದುಕೊಟ್ಟಿದ್ದರೆ ಮಾತ್ರ. ಪಕ್ಕದ ಮನೆಯವರ ಡಬ್ಬಿಯಿಂದ ತಂದು ಇಡುವುದು ನಮ್ಮಲ್ಲಿ ರೂಢಿ. ಅದು ರಕ್ತನಾಳ ಹಿಗ್ಗಿಸಿ ಬಿಪಿ ಇಳಿಸುತ್ತದೆ, ಬಿಪಿ ಮೊದಲೇ ಕುಸಿದಿದ್ದರೆ ರೋಗಿ ಅಲ್ಲೇ ಬೀಳುತ್ತಾನೆ. ಸಿಲ್ಡೆನಾಫಿಲ್ (ವಯಾಗ್ರಾ) ಜಾತಿಯ ಮಾತ್ರೆ ನುಂಗಿದ್ದವರಿಗಂತೂ ಇದು ಪ್ರಾಣಕ್ಕೇ ಎರವಾಗಬಹುದು.

ಸ್ವಂತ ಬೈಕಿನಲ್ಲಿ ಹೊರಡಬೇಡಿ, ಹಿಂದೆ ಕೂತು ಹೋಗುವುದೂ ಬೇಡ. ಎಚ್ಚರ ತಪ್ಪಿದರೆ ಇಬ್ಬರೂ ರಸ್ತೆಯಲ್ಲಿರುತ್ತೀರಿ. ಆಂಬುಲೆನ್ಸ್ ತಡವಾಗುತ್ತದೆ ಎಂದಾದರೆ ಕಾರು, ಆಟೊ ಯಾವುದಾದರೂ ಸರಿ, ಇಸಿಜಿ ಇರುವ ಹತ್ತಿರದ ಆಸ್ಪತ್ರೆಗೆ ನೇರ ನಡೆಯಿರಿ. ಮಳವಳ್ಳಿಯಿಂದಲೋ ನಾಗಮಂಗಲದಿಂದಲೋ ಹೊರಟವರು ತಾಲ್ಲೂಕು ಆಸ್ಪತ್ರೆಯನ್ನು ದಾಟಿ ಸೀದಾ ಮೈಸೂರಿಗೇ ಹೋಗಬೇಕು ಎಂದುಕೊಳ್ಳುವುದು ತಪ್ಪು ಲೆಕ್ಕ. ಡಾ. ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆ ಇರುವುದೇ ಇದಕ್ಕೆ. ತಾಲ್ಲೂಕು ಆಸ್ಪತ್ರೆಯಲ್ಲೇ ಇಸಿಜಿ ತೆಗೆದು, ಜಯದೇವದಂಥ ದೊಡ್ಡ ಆಸ್ಪತ್ರೆಯ ತಜ್ಞರಿಗೆ ತೋರಿಸಿ, ರಕ್ತನಾಳ ಮುಚ್ಚಿರುವ ಹೃದಯಾಘಾತ ಎಂದು ಖಚಿತವಾದರೆ ಹೆಪ್ಪು ಕರಗಿಸುವ ಟೆನೆಕ್ಟೆಪ್ಲೇಸ್ ಇಂಜೆಕ್ಷನ್ ಅನ್ನು ಅಲ್ಲೇ ಉಚಿತವಾಗಿ ಕೊಟ್ಟು ಮುಂದೆ ಕಳಿಸುತ್ತಾರೆ. ರಕ್ತ ಸಿಗದ ಹೃದಯದ ಸ್ನಾಯು ನಿಮಿಷ ನಿಮಿಷಕ್ಕೂ ಸಾಯುತ್ತಿರುತ್ತದೆ. ಆ ಇಂಜೆಕ್ಷನ್ ಮೊದಲ ಒಂದೆರಡು ಗಂಟೆಯಲ್ಲಿ ಕೊಡುವ ಫಲವನ್ನು ಹತ್ತನೆಯ ಗಂಟೆಯಲ್ಲಿ ಕೊಡುವುದಿಲ್ಲ.

ರೋಗಿ ಕುಸಿದು ಬಿದ್ದು, ಅಲುಗಾಡಿಸಿದರೂ ಮಾತಾಡದೆ, ಸರಿಯಾಗಿ ಉಸಿರಾಡದಿದ್ದರೆ ನೀರು ಚಿಮುಕಿಸುತ್ತಾ ಕೂರಬೇಡಿ. ಎದೆಯ ನಡುಮಧ್ಯೆ ಅಂಗೈ ಊರಿ, ಅದರ ಮೇಲೆ ಇನ್ನೊಂದು ಕೈ ಇಟ್ಟು, ಮೊಣಕೈ ಮಡಚದೆ, 5ರಿಂದ 6 ಸೆಂಟಿಮೀಟರ್ ಆಳಕ್ಕೆ, ನಿಮಿಷಕ್ಕೆ 100ರಿಂದ 120 ಸಲ ಒತ್ತುತ್ತಲೇ ಇರಿ. ಕೈ ಸೋತರೆ ಇನ್ನೊಬ್ಬರು ಮುಂದುವರಿಸಲಿ.

ಬಂದು ಹೋದ ನೋವನ್ನು ಓದಿಕೊಳ್ಳುವುದು

ಈಗ ನೋವಿಲ್ಲ, ಬಂದಿತ್ತು, ಹೋಯಿತು ಎನ್ನುವವರಿಗೆ ಮುಂದಿನ ಮಾತು. ಮರೆಯುವ ಮುಂಚೆ ಒಂದು ಚೀಟಿ ತೆಗೆದುಕೊಳ್ಳಿ.

ಮೊದಲು ಹೊತ್ತನ್ನು ಬರೆಯಿರಿ. "ಸ್ವಲ್ಪ ಹೊತ್ತು" ಎಂದಲ್ಲ, ಗಡಿಯಾರದ ಲೆಕ್ಕದಲ್ಲಿ. ಮಿಂಚಿನಂತೆ ಒಂದೆರಡು ಸೆಕೆಂಡ್ ಬಂದು ಮಾಯವಾಗುವ ಚುಚ್ಚು ಹೃದಯದ ರಕ್ತನಾಳದ್ದಾಗಿರುವುದು ತೀರಾ ಅಪರೂಪ. ಸ್ನಾಯುವಿಗೆ ರಕ್ತ ಸಾಲದೆ ಬರುವ ನೋವು ನಿಧಾನವಾಗಿ ಏರಿ, ಕೆಲವು ನಿಮಿಷ ನಿಂತು, ಆಮೇಲೆ ಇಳಿಯುತ್ತದೆ. ಹಾಗೆಯೇ, ಮೂರು ದಿನದಿಂದ ಒಂದೇ ಸಮನೆ ಬಿಡದೆ ಇರುವ, ಕೆಲಸ ಮಾಡಿದರೂ ಹೆಚ್ಚದ, ಕೂತರೂ ತಗ್ಗದ ನೋವು ಕೂಡ ಸಾಮಾನ್ಯವಾಗಿ ಪಕ್ಕೆಯದೋ ಸ್ನಾಯುವಿನದೋ ಆಗಿರುತ್ತದೆ.

ಎರಡನೆಯದು ಜಾಗ. ಎಲ್ಲಿ ನೋವು ಎಂದು ಕೇಳಿದಾಗ ಕೈ ಏನು ಮಾಡುತ್ತದೆ ನೋಡಿ. ಒಂದೇ ಬೆರಳಿನಿಂದ "ಇಲ್ಲೇ, ಈ ಚುಕ್ಕೆಯಲ್ಲಿ" ಎಂದು ತೋರಿಸುವವರಲ್ಲಿ ಭಯ ಕಡಿಮೆ. ಮಾತೇ ಆಡದೆ ಮುಷ್ಟಿ ಹಿಡಿದು ಎದೆಯ ನಡುವೆ ಒತ್ತುವವರನ್ನು ಕಂಡರೆ ವೈದ್ಯರು ಎದ್ದು ನಿಲ್ಲುತ್ತಾರೆ. ಹೃದಯದ ನೋವಿಗೆ ಗಡಿ ಇರುವುದಿಲ್ಲ, ಎಡ ಮೊಲೆಯ ಕೆಳಗೇ ಬರಬೇಕೆಂಬ ನಿಯಮವೂ ಇಲ್ಲ. ಬರೀ ದವಡೆಯಲ್ಲಿ, ಬರೀ ಮೇಲ್ಹೊಟ್ಟೆಯಲ್ಲಿ ಬಂದದ್ದೂ ಉಂಟು. ಹಲ್ಲುನೋವೆಂದು ಲವಂಗ ಕಚ್ಚಿಕೊಂಡು ದಿನ ಕಳೆಯುವವರೂ ಇದ್ದಾರೆ.

ಮೂರನೆಯದು, ಆ ಹೊತ್ತಿಗೆ ನೀವು ಏನು ಮಾಡುತ್ತಿದ್ದಿರಿ. ಇದೊಂದೇ ಪ್ರಶ್ನೆ ಉಳಿದೆಲ್ಲಕ್ಕಿಂತ ಹೆಚ್ಚು ಹೇಳುತ್ತದೆ, ಅದಕ್ಕೇ ಮುಂದೆ ಬೇರೆಯಾಗಿ ಬರೆದಿದೆ.

ನಾಲ್ಕನೆಯದು ಜೊತೆಗೆ ಬಂದದ್ದು: ಬೆವರು, ಏದುಸಿರು, ಕಣ್ಣು ಕತ್ತಲೆ, ಎದೆಬಡಿತದ ಏರುಪೇರು, ಹುಳಿ ತೇಗು, ಜ್ವರ, ಕೆಮ್ಮು.

ಮನೆಯಲ್ಲೇ ಮಾಡಬಹುದಾದ ಮೂರು ಪರೀಕ್ಷೆ

ನೋಯುವ ಜಾಗವನ್ನು ಬೆರಳಿನ ತುದಿಯಿಂದ ಗಟ್ಟಿಯಾಗಿ ಒತ್ತಿ. ಎದೆಮೂಳೆಯ ಅಂಚಿನಲ್ಲಿ ಪಕ್ಕೆಲುಬುಗಳು ಮೆದುಮೂಳೆಯಿಂದ ಸೇರಿಕೊಂಡಿರುತ್ತವೆ. ಎರಡರಿಂದ ಐದನೆಯ ಪಕ್ಕೆಲುಬಿನವರೆಗೆ ಆ ಕೂಡುಜಾಗಗಳಲ್ಲಿ ಉರಿಯೂತವಾದರೆ ಒತ್ತಿದಾಗ ಅದೇ ನೋವು ಮರುಕಳಿಸುತ್ತದೆ. ಕಬ್ಬಿನ ಹೊರೆ ಎತ್ತಿದವರಿಗೆ, ಭತ್ತದ ಮೂಟೆ ಲಾರಿಗೆ ಹಾಕಿದವರಿಗೆ, ವಾರಗಟ್ಟಲೆ ಕೆಮ್ಮಿದವರಿಗೆ ಇದು ಸಾಮಾನ್ಯ. ಬಿಸಿನೀರಿನ ಶಾಖ ಹತ್ತು ಹದಿನೈದು ನಿಮಿಷ, ಕೆಲವು ದಿನ ಭಾರ ಎತ್ತದಿರುವುದು, ಬೇಕಾದರೆ ಪ್ಯಾರಾಸಿಟಮಾಲ್. ಹೃದಯ, ಕಿಡ್ನಿ ತೊಂದರೆ ಇರುವವರು ಡೈಕ್ಲೋಫೆನಾಕ್‌ನಂಥ ನೋವಿನ ಮಾತ್ರೆಯನ್ನು ಅಂಗಡಿಯಿಂದ ಸ್ವತಃ ತಂದು ನುಂಗಬಾರದು. ಒಂದು ಎಚ್ಚರಿಕೆ: ಒತ್ತಿದರೆ ನೋಯುತ್ತದೆ ಎಂದ ಮಾತ್ರಕ್ಕೆ ಹೃದಯಕ್ಕೆ ಬಿಡುಗಡೆಯ ಪತ್ರ ಸಿಕ್ಕಿತು ಎಂದಲ್ಲ. ಪಕ್ಕೆ ನೋವಿರುವವನಿಗೂ ಹೃದಯಾಘಾತ ಆಗಬಹುದು. ಮೇಲೆ ಹೇಳಿದ ಬೆವರು, ಏದುಸಿರು ಇದ್ದರೆ ಈ ಪರೀಕ್ಷೆಯ ಉತ್ತರವನ್ನು ಮರೆತುಬಿಡಿ.

ಎರಡನೆಯದು, ನಿಧಾನವಾಗಿ ಆಳವಾದ ಉಸಿರೆಳೆದು ನೋಡಿ. ಮಕ್ಕಳಿಗೆ, ಕಾಲೇಜಿನ ಹುಡುಗ ಹುಡುಗಿಯರಿಗೆ ಬೆನ್ನು ಬಗ್ಗಿಸಿ ಕೂತು ಮೊಬೈಲ್ ನೋಡುತ್ತಿರುವಾಗ ಎಡ ಎದೆಯಲ್ಲಿ ಚಾಕು ಇಟ್ಟಂತಾಗಿ, ಉಸಿರು ಎಳೆದರೆ ಹೆಚ್ಚಾಗಿ, ಅರ್ಧ ನಿಮಿಷದಿಂದ ಮೂರು ನಿಮಿಷದೊಳಗೆ ಗುರುತಿಲ್ಲದೆ ಹೋಗುವ ಚಳುಕೊಂದಿದೆ. ವೈದ್ಯರು ಪ್ರೀಕಾರ್ಡಿಯಲ್ ಕ್ಯಾಚ್ ಎನ್ನುತ್ತಾರೆ. ಹೆಸರು ದೊಡ್ಡದು, ಅಪಾಯ ಸೊನ್ನೆ. ನೆಟ್ಟಗೆ ಕೂತು ಮೆಲ್ಲಗೆ ಉಸಿರಾಡಿದರೆ ಹೋಗುತ್ತದೆ, ಔಷಧಿ ಬೇಕಿಲ್ಲ. ಆದರೆ ಉಸಿರೆಳೆದಾಗಲೆಲ್ಲ ಚುಚ್ಚುತ್ತಾ, ಗಂಟೆಗಟ್ಟಲೆ ನಿಂತು, ಜ್ವರವೋ ಕಫವೋ ಏದುಸಿರೋ ಇದ್ದರೆ ಅದು ಶ್ವಾಸಕೋಶದ ಮಾತು, ಅದೇ ದಿನ ತೋರಿಸಿ. ದೊಡ್ಡ ಆಪರೇಷನ್ ಆದ ಮೇಲೆ, ಹೆರಿಗೆಯಾದ ಮೇಲೆ, ಕಾಲು ಮುರಿದು ಮಲಗಿದ್ದ ಮೇಲೆ ಹೀಗಾದರೆ, ಅದರಲ್ಲೂ ಒಂದೇ ಮೀನಖಂಡ ಊದಿಕೊಂಡು ನೋಯುತ್ತಿದ್ದರೆ, ಕಾಲಿನಿಂದ ಹೆಪ್ಪು ಶ್ವಾಸಕೋಶಕ್ಕೆ ಏರಿರಬಹುದು. ಅದಕ್ಕೂ 108.

ಮೂರನೆಯದು ನಾಡಿ. ಮಣಿಕಟ್ಟಿನಲ್ಲಿ ಹೆಬ್ಬೆರಳ ಬುಡದ ಕಡೆ, ತೋರುಬೆರಳು ನಡುಬೆರಳು ಎರಡನ್ನೂ ಇಟ್ಟು 30 ಸೆಕೆಂಡ್ ಎಣಿಸಿ ಎರಡರಿಂದ ಗುಣಿಸಿ. ಹೆಬ್ಬೆರಳಿನಿಂದ ಹಿಡಿದರೆ ಅದರದೇ ಬಡಿತ ಎಣಿಸಿಬಿಡುತ್ತೀರಿ. ಏರುಪೇರು ಇದ್ದರೆ ಪೂರ್ತಿ ಒಂದು ನಿಮಿಷ ಎಣಿಸಬೇಕು. ಸುಮ್ಮನೆ ಕೂತ ದೊಡ್ಡವರಲ್ಲಿ 60ರಿಂದ 100 ಸಹಜ.

"ಧಸಕ್ ಅಂತು, ಒಂದು ಬಡಿತ ತಪ್ಪಿತು" ಎನ್ನುವುದು ಇಲ್ಲಿ ಸಿಗುತ್ತದೆ. ವಾಸ್ತವದಲ್ಲಿ ಬಡಿತ ತಪ್ಪಿರುವುದಿಲ್ಲ, ಒಂದು ಬಡಿತ ಹೊತ್ತಿಗೆ ಮುಂಚೆ ಬಂದಿರುತ್ತದೆ. ಆಗ ಹೃದಯದಲ್ಲಿ ರಕ್ತ ತುಂಬಿರದ ಕಾರಣ ಅದು ಕೈಗೆ ಸಿಗುವುದಿಲ್ಲ. ಆಮೇಲೆ ಸ್ವಲ್ಪ ಬಿಡುವು. ಆ ಬಿಡುವಿನಲ್ಲಿ ರಕ್ತ ಹೆಚ್ಚಾಗಿ ತುಂಬಿಕೊಳ್ಳುವುದರಿಂದ ಮುಂದಿನ ಬಡಿತ ಗುದ್ದಿದಂತೆ ಬರುತ್ತದೆ. ನಿಮಗೆ ಗೊತ್ತಾಗುವುದು ಆ ಗುದ್ದು. ರಾತ್ರಿ ಎಡ ಮಗ್ಗುಲಲ್ಲಿ ಮಲಗಿದಾಗ ಹೃದಯ ಎದೆಗೂಡಿಗೆ ಹತ್ತಿರ ಬರುವುದರಿಂದ ಹೆಚ್ಚು ಕೇಳಿಸುತ್ತದೆ. ಆರೋಗ್ಯವಂತರಲ್ಲೂ ಇದು ದಿನಕ್ಕೆ ಹಲವು ಸಲ ಆಗುವುದುಂಟು. ನಿದ್ದೆಗೆಟ್ಟ ವಾರ, ಎರಡರ ಬದಲು ಆರು ಲೋಟ ಫಿಲ್ಟರ್ ಕಾಫಿ, ಮದುವೆ ಮನೆಯ ಗುಂಡು, ಬೀಡಿ ಸಿಗರೇಟು, ಮೂಗು ಕಟ್ಟಿದ್ದಕ್ಕೆ ನುಂಗಿದ ನೆಗಡಿ ಮಾತ್ರೆ, ಅಸ್ತಮಾದ ಸಾಲ್ಬುಟಮಾಲ್, ಹೆಚ್ಚಾದ ಥೈರಾಯ್ಡ್ ಮಾತ್ರೆ, ವಾಂತಿಭೇದಿಯಲ್ಲಿ ಇಳಿದ ಪೊಟ್ಯಾಸಿಯಂ ಇವೆಲ್ಲ ಅದನ್ನು ಎಬ್ಬಿಸುತ್ತವೆ. ಹೆಂಗಸರಲ್ಲಿ ರಕ್ತಹೀನತೆಯನ್ನು ಮರೆಯಬಾರದು. ಎಷ್ಟೋ ಸಲ ಎದೆಬಡಿತದ ಮೂಲ ಅದೇ.

ನಾಡಿಗೆ ತಾಳವೇ ಇಲ್ಲದೆ ಚೆಲ್ಲಾಪಿಲ್ಲಿಯಾಗಿ ಸಿಕ್ಕರೆ ಅದು ಬೇರೆ. ಏಟ್ರಿಯಲ್ ಫೈಬ್ರಿಲೇಷನ್ ಇರಬಹುದು. ಅದರಿಂದ ಹೃದಯದೊಳಗೆ ಹೆಪ್ಪುಗಟ್ಟಿ ಮೆದುಳಿಗೆ ಹೋಗುವ ಅಪಾಯವಿದೆ, ನೋವಿಲ್ಲದಿದ್ದರೂ ಒಂದೆರಡು ದಿನದೊಳಗೆ ಇಸಿಜಿ ಆಗಲೇಬೇಕು. ಸ್ವಿಚ್ ಹಾಕಿದಂತೆ ಒಮ್ಮೆಲೇ 150 ದಾಟಿ, ಸ್ವಿಚ್ ತೆಗೆದಂತೆ ನಿಂತುಬಿಡುವ ಓಟವೂ ಒಂದುಂಟು. ಅದು ಓಡುತ್ತಿರುವಾಗಲೇ ಇಸಿಜಿ ತೆಗೆದರೆ ರೋಗ ಸಿಕ್ಕಿಬೀಳುತ್ತದೆ, ನಿಂತ ಮೇಲೆ ತೆಗೆದರೆ ಏನೂ ಕಾಣುವುದಿಲ್ಲ. ಎದೆಬಡಿತದ ಜೊತೆ ಪ್ರಜ್ಞೆ ತಪ್ಪಿದ್ದರೆ, ಅಥವಾ ಮನೆಯಲ್ಲಿ ಯಾರಾದರೂ ನಲವತ್ತರ ಒಳಗೆ ಇದ್ದಕ್ಕಿದ್ದಂತೆ ತೀರಿಕೊಂಡಿದ್ದರೆ, ಎಷ್ಟೇ ಚಿಕ್ಕ ಘಟನೆಯಾದರೂ ಹೃದಯ ತಜ್ಞರನ್ನೇ ಕಾಣಿ.

ಮೆಟ್ಟಿಲು ಹತ್ತುವಾಗ ಬಂದು, ಕೂತರೆ ಹೋಗುವ ನೋವು

ಚಿಕ್ಕ ನೋವುಗಳಲ್ಲಿ ಅತ್ಯಂತ ಮೋಸದ್ದು ಇದು. ಚಾಮುಂಡಿ ಬೆಟ್ಟಕ್ಕೆ ಸಾವಿರಕ್ಕೂ ಹೆಚ್ಚು ಮೆಟ್ಟಿಲು. ಪ್ರತಿ ವರ್ಷ ಆರಾಮವಾಗಿ ಹತ್ತುತ್ತಿದ್ದವರಿಗೆ ಈ ಸಲ ಇನ್ನೂರು ಮೆಟ್ಟಿಲಿಗೇ ಎದೆ ಬಿಗಿಯುತ್ತದೆ. ಕೂತರೆ ಮೂರ್ನಾಲ್ಕು ನಿಮಿಷದಲ್ಲಿ ಪೂರ್ತಿ ಹೋಗುತ್ತದೆ. "ಅಭ್ಯಾಸ ತಪ್ಪಿದೆ, ವಯಸ್ಸಾಯ್ತು" ಎಂದುಕೊಂಡು ನಂದಿಯವರೆಗೆ ಕೂತು ಕೂತು ಹತ್ತುತ್ತಾರೆ. ಕುಕ್ಕರಹಳ್ಳಿ ಕೆರೆ ಏರಿಯ ಮೇಲೆ ಬೆಳಗ್ಗೆ ಬಿರಬಿರನೆ ನಡೆಯುವವರಿಗೂ, ಗದ್ದೆಯಿಂದ ಹುಲ್ಲಿನ ಹೊರೆ ಹೊತ್ತು ದಿಬ್ಬ ಏರುವವರಿಗೂ ಇದೇ ಕಥೆ.

ಇಂಗ್ಲೆಂಡಿನ ವೈದ್ಯ ವಿಲಿಯಂ ಹೆಬರ್ಡನ್ 1768ರಲ್ಲೇ ಇದನ್ನು ವಿವರಿಸಿದ್ದ. ನಡೆಯುವಾಗ, ಅದರಲ್ಲೂ ಏರು ಹತ್ತುವಾಗ, ಊಟವಾದ ಮೇಲೆ ಬರುತ್ತದೆ, ನಿಂತ ಕೂಡಲೇ ಹೋಗುತ್ತದೆ ಎಂದು. ಆಂಜೈನಾ ಎಂಬ ಹೆಸರು ಕೊಟ್ಟವನೂ ಅವನೇ. ಆಗ ಇಸಿಜಿ ಇರಲಿಲ್ಲ, ಬರೀ ರೋಗಿಯ ಮಾತು ಕೇಳಿ ಹಿಡಿದದ್ದು. ಹೃದಯದ ರಕ್ತನಾಳ ಕಿರಿದಾಗಿದ್ದರೆ ಕೂತಾಗ ಬೇಕಾದಷ್ಟು ರಕ್ತ ಹರಿಯುತ್ತದೆ, ದುಡಿಮೆ ಹೆಚ್ಚಿದಾಗ ಸಾಲದು, ಬಿಗಿಯುತ್ತದೆ. ಊಟದ ಮೇಲೆ ನಡೆದಾಗ ಬರುವುದರಿಂದಲೇ ನಮ್ಮವರು ಇದಕ್ಕೆ ಗ್ಯಾಸ್ಟ್ರಿಕ್ ಪಟ್ಟ ಕಟ್ಟುವುದು. ತೇಗು ಬಂತು, ಹಗುರವಾಯಿತು, ಆದ್ದರಿಂದ ವಾಯು ಎಂಬ ವಾದ ನಿಲ್ಲುವುದಿಲ್ಲ: ರೋಗಿ ತೇಗಲೆಂದು ಕೂತಿದ್ದ, ಹಗುರವಾದದ್ದು ಕೂತದ್ದರಿಂದ.

ಹೀಗೆ ಮೊದಲ ಸಲ ಆದವರು ಬೆಟ್ಟ ಅಲ್ಲಿಗೇ ಬಿಟ್ಟು, ಅಂದೇ ಅಥವಾ ಮಾರನೆಯ ದಿನವೇ ವೈದ್ಯರ ಬಳಿ ಹೋಗಬೇಕು. ಹಳೆಯ ನೋವೇ ಈಗ ಹೆಚ್ಚು ಸಲ, ಕಡಿಮೆ ಕೆಲಸಕ್ಕೆ, ಹೆಚ್ಚು ಹೊತ್ತು ಬರುತ್ತಿದ್ದರೆ, ಅಥವಾ ಮಲಗಿದ್ದಾಗಲೂ ಎಬ್ಬಿಸುತ್ತಿದ್ದರೆ ಓಪಿಡಿಗಲ್ಲ, ತುರ್ತು ಚಿಕಿತ್ಸೆಗೆ.

ಸಕ್ಕರೆ ಕಾಯಿಲೆ ಬಹಳ ವರ್ಷದಿಂದ ಇರುವವರಲ್ಲಿ ನರಗಳು ಸೋತು ನೋವೇ ಗೊತ್ತಾಗದಿರಬಹುದು. ಅವರಿಗೆ, ಹೆಂಗಸರಿಗೆ, ವಯಸ್ಸಾದವರಿಗೆ ಬರೀ ಏದುಸಿರು, ಹೇಳಲಾಗದ ಸುಸ್ತು, ವಾಂತಿ, ಬೆವರು ಇಷ್ಟೇ ಕಾಣಬಹುದು. ಅಜ್ಜಿ "ಯಾಕೋ ಜೀವ ಸರಿಯಿಲ್ಲ ಮಗ" ಎಂದು ಗೋಡೆಗೊರಗಿ ಬೆವರುತ್ತಿದ್ದರೆ ಎದೆನೋವು ಇದೆಯಾ ಎಂದು ಕೇಳಿ ಇಲ್ಲ ಅಂದರೆ ಸುಮ್ಮನಾಗಬೇಡಿ.

ಎದೆ ಉರಿ, ಗಾಬರಿ, ಸರ್ಪಸುತ್ತು

ಜಠರದ ಆಮ್ಲ ಅನ್ನನಾಳಕ್ಕೆ ಮೇಲೇರಿದಾಗ ಬರುವ ಉರಿ ಊಟದ ನಂತರ, ಬಗ್ಗಿದಾಗ, ಮಲಗಿದಾಗ ಹೆಚ್ಚು. ಬಾಯಿಗೆ ಹುಳಿನೀರು ಬರುತ್ತದೆ. ರಾತ್ರಿ ಹತ್ತಕ್ಕೆ ಮುದ್ದೆ, ನಾಟಿಕೋಳಿ ಸಾರು ಉಂಡು ಹತ್ತೂವರೆಗೆ ಮಲಗಿದರೆ ಆಗುವುದು ಇದೇ. ಊಟಕ್ಕೂ ಹಾಸಿಗೆಗೂ ಮೂರು ಗಂಟೆ ಅಂತರವಿರಲಿ. ಮಂಚದ ತಲೆಕಡೆಯ ಕಾಲುಗಳ ಕೆಳಗೆ ಇಟ್ಟಿಗೆ ಕೊಟ್ಟು 15ರಿಂದ 20 ಸೆಂಟಿಮೀಟರ್ ಎತ್ತರಿಸಿ. ದಿಂಬು ಮೇಲೆ ದಿಂಬು ಇಟ್ಟರೆ ಹೊಟ್ಟೆ ಮಡಚಿ ಇನ್ನೂ ಒತ್ತುತ್ತದೆ. ಜೀರಿಗೆ ಕಷಾಯ, ಓಂಕಾಳು ಕುಡಿಯಬಾರದೆಂದಲ್ಲ. ಆದರೆ ಅವುಗಳಿಂದ ನೋವು ಇಳಿಯಿತು ಎನ್ನುವುದು ಹೃದಯದ್ದಲ್ಲ ಎನ್ನುವುದಕ್ಕೆ ಪುರಾವೆಯಲ್ಲ. ಆಂಟಾಸಿಡ್ ಕುಡಿದ ಹೊತ್ತಿಗೆ ಸರಿಯಾಗಿ ಹೃದಯದ ನೋವೂ ತಾನಾಗಿ ತಗ್ಗಿರಬಹುದು.

ಗಾಬರಿಯಿಂದ ಬರುವ ಎದೆ ಬಿಗಿತ ಸುಳ್ಳು ನೋವಲ್ಲ. ಉಸಿರು ಬಿರುಸಾಗಿ ತುಟಿ ಸುತ್ತ, ಬೆರಳ ತುದಿಯಲ್ಲಿ ಜುಮುಜುಮು ಎನ್ನುತ್ತದೆ, ಸತ್ತೇಹೋಗುತ್ತೇನೆ ಅನ್ನಿಸುತ್ತದೆ. ಆದರೆ ಮೊದಲ ಸಲ ಆದಾಗ ಅದು ಗಾಬರಿ ಎಂದು ನೀವೇ ತೀರ್ಮಾನಿಸಬೇಡಿ, ಒಂದು ಇಸಿಜಿ ನೋಡಿದ ಮೇಲೆ ವೈದ್ಯರು ಹೇಳಲಿ. ಒಂದೇ ಪಕ್ಕದಲ್ಲಿ ಪಟ್ಟಿಯಂತೆ ಉರಿದು, ಕೆಲವು ದಿನದ ಮೇಲೆ ಅಲ್ಲೇ ಗುಳ್ಳೆ ಎದ್ದರೆ ಸರ್ಪಸುತ್ತು. ಗುಳ್ಳೆ ಎದ್ದ 72 ಗಂಟೆಯೊಳಗೆ ಮಾತ್ರೆ ಶುರುವಾದರೆ ಒಳ್ಳೆಯದು.

ವೈದ್ಯರ ಮುಂದೆ

"ಗ್ಯಾಸ್ಟ್ರಿಕ್ ಆಗಿದೆ ಸಾರ್" ಎಂದು ಶುರುಮಾಡಬೇಡಿ. ಜನ ತುಂಬಿದ ಓಪಿಡಿಯಲ್ಲಿ ಆ ಒಂದು ಮಾತಿಗೆ ಪ್ಯಾಂಟೊಪ್ರಜೋಲ್ ಚೀಟಿ ಸಿಕ್ಕಿ ನೀವು ಹೊರಗಿರುತ್ತೀರಿ. ರೋಗದ ಹೆಸರು ಬಿಟ್ಟು ಚೀಟಿಯಲ್ಲಿ ಬರೆದದ್ದನ್ನೇ ಹೇಳಿ: "ಮೂರು ವಾರದಿಂದ, ಎರಡನೇ ಮಹಡಿ ಹತ್ತಿದಾಗ ಎದೆ ನಡುವೆ ಬಿಗಿಯುತ್ತೆ, ನಿಂತರೆ ಎರಡು ನಿಮಿಷಕ್ಕೆ ಹೋಗುತ್ತೆ, ಸಕ್ಕರೆ ಇದೆ, ನಮ್ಮ ತಂದೆಗೆ ನಲವತ್ತೆಂಟಕ್ಕೆ ಹಾರ್ಟ್ ಅಟ್ಯಾಕ್ ಆಗಿತ್ತು." ನುಂಗುವ ಮಾತ್ರೆಗಳ ಪಟ್ಟಿಯನ್ನೂ, ಬೀಡಿ ಲೆಕ್ಕವನ್ನೂ ಮುಚ್ಚಿಡದೆ ಹೇಳಿ.

ಪರೀಕ್ಷೆಗಳ ಮಿತಿಯೂ ತಿಳಿದಿರಲಿ. ಇಸಿಜಿ ಆ ಕ್ಷಣದ ಚಿತ್ರ ಮಾತ್ರ. ಆಂಜೈನಾ ಇರುವವರಿಗೂ ನೋವಿಲ್ಲದಾಗ ಅದು ಸರಿಯಾಗಿಯೇ ಬರಬಹುದು. ಹೃದಯಾಘಾತದ ಮೊದಲ ನಿಮಿಷಗಳಲ್ಲೂ ಕಾಣದಿರಬಹುದು, ಹಾಗಾಗಿ ನೋವಿದ್ದರೆ 15ರಿಂದ 30 ನಿಮಿಷಕ್ಕೆ ಮತ್ತೆ ತೆಗೆಯುತ್ತಾರೆ. ಹೃದಯದ ಸ್ನಾಯುವಿಗೆ ಪೆಟ್ಟಾದಾಗ ರಕ್ತಕ್ಕೆ ಬರುವ ಟ್ರೋಪೊನಿನ್ ಏರಲು ಕೆಲವು ಗಂಟೆ ಬೇಕು, ಅದರ ರಕ್ತಪರೀಕ್ಷೆಯನ್ನು ನೋವು ಬಂದ ಅರ್ಧ ಗಂಟೆಗೆ ಮಾಡಿಸಿ ನೆಗೆಟಿವ್ ಎಂದು ಮನೆಗೆ ಹೋಗುವುದರಲ್ಲಿ ಅರ್ಥವಿಲ್ಲ. "ಇನ್ನೂ ಸ್ವಲ್ಪ ಹೊತ್ತು ಇರಿ, ಇನ್ನೊಮ್ಮೆ ರಕ್ತ ತೆಗೀಬೇಕು" ಎಂದರೆ ದುಡ್ಡು ಕೀಳಲು ಎಂದುಕೊಳ್ಳಬೇಡಿ. ಟಿಎಂಟಿ, ಅಂದರೆ ಟ್ರೆಡ್‌ಮಿಲ್ ಪರೀಕ್ಷೆ, ಮೆಟ್ಟಿಲಿನ ನೋವಿಗೆ ಉಪಯುಕ್ತ, ಆದರೆ ನೋವು ನಡೆಯುತ್ತಿರುವಾಗ ಮಾಡಿಸುವಂತಿಲ್ಲ. ಆಗಾಗ ಬರುವ ಎದೆಬಡಿತಕ್ಕೆ 24 ಗಂಟೆ ಮೈಮೇಲಿರುವ ಹೋಲ್ಟರ್ ಎಂಬ ಪುಟ್ಟ ಇಸಿಜಿ ಯಂತ್ರ ಬೇಕಾಗಬಹುದು. ವಾರಕ್ಕೊಮ್ಮೆ ಬರುವ ಬಡಿತ ಆ ಒಂದು ದಿನದಲ್ಲಿ ಸಿಗದಿದ್ದರೆ ಆಶ್ಚರ್ಯವಿಲ್ಲ. ಕೈಗಡಿಯಾರದ ಇಸಿಜಿ ಬಡಿತದ ತಾಳವನ್ನು ಹೇಳಬಲ್ಲದು, ಹೃದಯಾಘಾತವನ್ನು ಹೇಳಲಾರದು. ಬೆರಳಿಗೆ ಹಾಕುವ ಆಕ್ಸಿಮೀಟರ್ 98 ತೋರಿಸಿದರೂ ಅಷ್ಟೇ.

ಇಸಿಜಿ ಸರಿಯಿದ್ದು ವೈದ್ಯರು ಮನೆಗೆ ಕಳಿಸಿದರೆ ಆ ಕಾಗದವನ್ನು ಎಸೆಯಬೇಡಿ. ಮುಂದಿನ ಸಲ ಹೊಸ ಇಸಿಜಿಯಲ್ಲಿ ಏನೋ ವ್ಯತ್ಯಾಸ ಕಂಡರೆ, ಅದು ಮೊದಲಿನಿಂದಲೇ ಇದ್ದದ್ದೋ ಈಗ ಬಂದದ್ದೋ ಎಂದು ಹೋಲಿಸಲು ಬೇರೆ ದಾರಿಯಿಲ್ಲ. ಹೆಚ್ಚಿನ ಯಂತ್ರಗಳದ್ದು ಬಿಸಿಗೆ ಕಪ್ಪಾಗುವ ಕಾಗದ. ಜೋಪಾನವಾಗಿರಲಿ ಎಂದು ಲ್ಯಾಮಿನೇಷನ್ ಮಾಡಿಸಿದರೆ ಪೂರ್ತಿ ಕರಿಹಾಳೆಯಾಗಿ ಕೈಗೆ ಬರುತ್ತದೆ, ಬೀರುವಿನಲ್ಲಿಟ್ಟರೂ ಕೆಲವು ವರ್ಷಕ್ಕೆ ಗೆರೆ ಮಾಸುತ್ತದೆ. ತೆಗೆಸಿದ ದಿನವೇ ಬೆಳಕಿನಲ್ಲಿ ನೇರವಾಗಿ ಫೋಟೊ ಹಿಡಿದು, ತಾರೀಖು ಕಾಣುವಂತೆ, ನಿಮ್ಮ ಫೋನಿನಲ್ಲೂ ಮನೆಯ ಇನ್ನೊಬ್ಬರ ಫೋನಿನಲ್ಲೂ ಇಟ್ಟುಕೊಳ್ಳಿ.